ಪುಟ್ಟಯ್ಯನವರ ಆಂಪ್ಲಿಫೈಯರು, ಒಂದು ಹಲಸಿನ ಮಣೆ

ಮಾಧವಿಯ ಕಣ್ಣು ಮೊದಲು ಬಿದ್ದದ್ದು ನನ್ನ ಕಾಲಿನ ಮೇಲೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದದ್ದು ದಂಡವಾಯಿತು.

ಮಾಮೂಲ್‌ಪೇಟೆಯ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ರಿಪೇರಿ ಅಂಗಡಿ. ಹಳೆಯ ವಾಲ್ವ್ ರೇಡಿಯೊ, ಆಂಪ್ಲಿಫೈಯರುಗಳ ಕೆಲಸ ಬಲ್ಲವಳು ಎಂದು ಯಾರೋ ಹೇಳಿದ್ದರು. ನಮ್ಮ ದೊಡ್ಡಪ್ಪ ಪುಟ್ಟಯ್ಯನವರು ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದವರು. ನಾನು ಬೆಳೆದದ್ದೂ ಈಗಲೂ ಇರುವುದೂ ಅವರ ವೈಯಾಲಿಕಾವಲಿನ ಮನೆಯಲ್ಲೇ. ಎಂಟು ವರ್ಷದ ಹಿಂದೆ ಅವರು ಹೋದ ಮೇಲೆ ಗಿಟಾರು, ಐವತ್ತು ವರ್ಷದ ಆಂಪ್ಲಿಫೈಯರು, ಒಂದು ಹಲಸಿನ ಮಣೆ, ಮೂರೂ ನನ್ನ ಪಾಲಿಗೆ ಬಂದವು.

ಈಚೆಗೆ ಆಂಪ್ಲಿಫೈಯರು ಗುಂಯ್‌ಗುಡುತ್ತಿತ್ತು. ಅದನ್ನು ಅವಳಿಗೆ ಕೇಳಿಸಲೆಂದು ಮೂರನ್ನೂ ಅಂಗಡಿಗೆ ಹೊತ್ತು ತಂದು, ಚಪ್ಪಲಿ ಬಿಟ್ಟು, ಮಣೆಯ ಮೇಲೆ ಪಾದವಿಟ್ಟು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದೆ.

"ಮಣೆ ಯಾಕೆ?" ಅಂದಳು.

"ಸಂಪ್ರದಾಯ. ನುಡಿಸೋವಾಗ ಕಾಲು ನೆಲಕ್ಕೆ ತಾಗಬಾರ್ದು. ನಮ್ ದೊಡ್ಡಪ್ಪ ಹೇಳಿಕೊಟ್ಟಿದ್ದು."

ತುಟಿಯಂಚಿನಲ್ಲಿ ನಗು ಅದುಮಿಕೊಂಡಳು. "ಪ್ಲಗ್ ತಿರುಗಿಸಿ ಹಾಕೋ ಸಂಪ್ರದಾಯಾನೂ ಇತ್ತಾ?"

ಇತ್ತು. ಅದು ಎರಡು ಪಿನ್ನಿನ ಪ್ಲಗ್ಗು. ಬೆರಳು ಜುಮ್ಮೆಂದರೆ ದೊಡ್ಡಪ್ಪ ಅದನ್ನು ಕಿತ್ತು ಮಗುಚಿ ಹಾಕುತ್ತಿದ್ದರು. ಇವಳಿಗೆ ಹೇಗೆ ಗೊತ್ತಾಯಿತು?

ಎದ್ದು ಬಂದು ಪ್ಲಗ್ಗನ್ನು ಕಿತ್ತಳು. ನಾನು ಹಿಂದಿನ ಹಲಗೆಗೆ ಕೈ ಹಾಕಲು ಹೋದೆ. "ರೀ, ಮುಟ್ಬೇಡಿ! ಪ್ಲಗ್ ಕಿತ್ರೂ ಒಳಗೆ ಕರೆಂಟ್ ಕೂತಿರುತ್ತೆ." ತಾನೇ ಬಿಚ್ಚಿ, ಒಳಗೆ ಉಳಿದ ಕರೆಂಟನ್ನೆಲ್ಲ ಇಳಿಸಿ, ಮೀಟರು ಸೊನ್ನೆ ತೋರಿಸಿದ ಮೇಲೆ, "ಈಗ ಬನ್ನಿ" ಅಂದಳು. ಬಗ್ಗಿ ನೋಡುವಾಗ ಇಬ್ಬರ ತಲೆಯೂ ಡಿಕ್ಕಿ ಹೊಡೆಯಿತು. ನನಗೇನೂ ಬೇಸರವಾಗಲಿಲ್ಲ.

ಕಡಲೆಕಾಯಿಯಷ್ಟು ದಪ್ಪದ ಒಂದು ಕೆಪಾಸಿಟರನ್ನು ಸ್ಕ್ರೂಡ್ರೈವರಿನ ತುದಿಯಿಂದ ತೋರಿಸಿದಳು. "ಇದರ ಒಂದು ಕಾಲು ಮೇನ್ ಲೈನಿಗೆ, ಇನ್ನೊಂದು ಈ ತಗಡಿಗೆ. ಇದು ಸೋರ್ತಿದೆ. ಕರೆಂಟು ತಗಡಿಗೆ ಬರುತ್ತೆ, ತಗಡಿಂದ ನಿಮ್ಮ ತಂತಿಗೆ, ತಂತಿಯಿಂದ ನಿಮಗೆ. ಪ್ಲಗ್ ಮಗುಚಿದ್ರೆ ಈ ಕಾಲು ಕರೆಂಟಿಲ್ಲದ ಎಳೆಗೆ ಹೋಗುತ್ತೆ, ಜುಮ್ಮನ್ನಲ್ಲ. ಮಣೆ ಇದ್ದಿದ್ದಕ್ಕೆ ನೆಲಕ್ಕೆ ದಾರಿ ಸಿಕ್ಕಿಲ್ಲ, ಅಷ್ಟೇ. ಇದು ಪೂರ್ತಿ ಕೆಟ್ಟ ದಿನ ನೀವು ಒಂದು ಕೈಯಲ್ಲಿ ಮೈಕ್ ಹಿಡಿದಿದ್ರೆ, ಅದರ ಮೂಲಕ ನೆಲಕ್ಕೆ ದಾರಿ ಸಿಗುತ್ತೆ, ಮಣೇನೂ ಕಾಪಾಡಲ್ಲ."

ಒಂದು ಹೆಜ್ಜೆ ಹಿಂದೆ ಸರಿದೆ. ಆದರೂ ಹಟ ಬಿಡಲಿಲ್ಲ. "ಅದನ್ನ ತೆಗೆದ್ರೆ ದನಿ ಬದಲಾಗಲ್ವಾ? ಆ ಭಯಕ್ಕೇ ದೊಡ್ಡಪ್ಪ ಇದನ್ನ ಯಾರಿಗೂ ಬಿಚ್ಚಕ್ಕೆ ಕೊಟ್ಟಿರ್ಲಿಲ್ಲ."

"ದನಿಗೂ ಇದಕ್ಕೂ ಸಂಬಂಧ ಇಲ್ಲ ರೀ. ಬೇಡ ಅಂದ್ರೆ ತಗೊಂಡು ಹೋಗಿ. ಪ್ಲಗ್ ಮಾತ್ರ ಕತ್ತರಿಸಿ ಕಳಿಸ್ತೀನಿ."

ಎಂಥ ಜಂಬ ಅಂದುಕೊಂಡೆ. ಅಷ್ಟರಲ್ಲಿ ಅವಳೇ ಮೆಲ್ಲಗೆ ಕೇಳಿದಳು, "ಒಂದು ಕೇಳ್ಲಾ? ನಿಮ್ ದೊಡ್ಡಪ್ಪ ಮನೆಯವರಿಗೆ ಇದನ್ನ ಮುಟ್ಟಕ್ಕೆ ಬಿಡ್ತಿದ್ರಾ?"

ಅದು ನಮ್ಮ ಮನೆಯ ಹಳೆಯ ಗಾಯ. ದೊಡ್ಡಮ್ಮ ಸರಸ್ವತಮ್ಮ ಒಮ್ಮೆ, ನೆಂಟರೆಲ್ಲ ಕೂತಿದ್ದಾಗ, ಒದ್ದೆ ಕೈಯಲ್ಲಿ ಕಾಫಿ ಲೋಟವನ್ನು ಅದರ ಮೇಲಿಡಲು ಹೋಗಿದ್ದರು. "ಮುಟ್ಟಬೇಡ! ದೂರ ಹೋಗು!" ಎಂದು ದೊಡ್ಡಪ್ಪ ಚೀರಿದ್ದರಂತೆ. ಅಂದಿನಿಂದ ಅದು ಹಾಡಲು ಶುರುಮಾಡಿದರೆ ದೊಡ್ಡಮ್ಮ ಅಡುಗೆಮನೆ ಸೇರುತ್ತಿದ್ದರು. 'ನನಗಿಂತ ಆ ಡಬ್ಬವೇ ಹೆಚ್ಚು' ಎಂಬ ಮಾತು ನಲವತ್ತು ವರ್ಷವಾದರೂ ಅವರ ಎದೆಯಿಂದ ಇಳಿದಿರಲಿಲ್ಲ. ನಾನು ನುಡಿಸಿದರೂ ಎದ್ದು ಹೋಗುತ್ತಾರೆ.

ಹೇಳುತ್ತ ಹೇಳುತ್ತ ಆ ಒದ್ದೆ ಕೈಯ ಅರ್ಥ ನನಗೇ ಹೊಳೆಯಿತು. ಮಾಧವಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ಕಾಲನ್ನು ನೋಡಲಿಲ್ಲ.

"ಮಾಡಿ," ಅಂದೆ.

ಕೆಲಸ ಒಂದು ದಿನದ್ದು. ನಾನು ನಾಲ್ಕು ದಿನ ಹೋದೆ. ಆ ಕಡಲೆಕಾಯಿ ಹೊರಬಂತು. ಹೊಸ ಮೂರು ಎಳೆಯ ವೈರು ಬಂತು. ಅದರ ಅರ್ಥಿಂಗಿನ ಹಸಿರು ಎಳೆಗೆಂದೇ ಒಂದು ಬೋಲ್ಟು ಕೂರಿಸಿ ತಗಡಿಗೆ ಬಿಗಿದಳು. ಫ್ಯೂಸೂ ಸ್ವಿಚ್ಚೂ ಕರೆಂಟು ಬರುವ ಲೈವ್ ಎಳೆಗೆ ಹೋದವು. ಕರೆಂಟು ಹಾಕಿ ಪರೀಕ್ಷಿಸುವಾಗಲೆಲ್ಲ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು.

"ಅದ್ಯಾಕೆ?"

"ಎರಡೂ ಕೈ ಹಾಕಿದ್ರೆ, ಹೊಡೆದಾಗ ಕರೆಂಟು ಎದೆ ದಾಟಿ ಹೋಗುತ್ತೆ."

ಬೆನ್ನ ಹಿಂದಿನ ಆ ಕೈಯಲ್ಲಿ ಒಂದೇ ಒಂದು ಗಾಜಿನ ಬಳೆ. ನೋಡುತ್ತ ನಿಂತೆ.

"ಕಣ್ಣು ಸರ್ಕ್ಯೂಟ್ ಮೇಲಿರ್ಲಿ," ಅಂದಳು, ತಿರುಗದೆಯೇ.

ಕೊನೆಯ ದಿನ ಕೇಳಿದಳು, "ಮನೇಲಿ ಅರ್ಥಿಂಗ್ ಇದೆಯಾ?"

"ಸಾಕೆಟ್‌ನಲ್ಲಿ ಮೂರು ತೂತಿದೆ."

"ತೂತಿದ್ರೆ ಆಯ್ತಾ? ನಾನೇ ಬಂದು ನೋಡ್ತೀನಿ."

ಬಂದು ನೋಡಿದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ. ಅವಳ ಪರಿಚಯದ ಎಲೆಕ್ಟ್ರಿಷಿಯನ್ ಮೂರ್ತಿ ಕಾಂಪೌಂಡಿನ ಪಕ್ಕ ಗುಂಡಿ ತೋಡಿ ಅರ್ಥಿಂಗ್ ಮಾಡಿಕೊಟ್ಟ. ಭಾನುವಾರ ಬೆಳಿಗ್ಗೆ ಮಾಧವಿ ಮತ್ತೆ ಮೀಟರು ಹಿಡಿದು ಬಂದು, ಎಲ್ಲವನ್ನೂ ನೋಡಿ ತಲೆಯಾಡಿಸಿದಳು. ನಾನು ಸ್ವಿಚ್ಚು ಒತ್ತಿದೆ.

ದೊಡ್ಡಮ್ಮ ಎದ್ದರು.

"ಅಮ್ಮಾ, ಒಂದ್ನಿಮಿಷ." ಮಾಧವಿ ಅಂಗೈ ಬಿಡಿಸಿ ಆ ಕಡಲೆಕಾಯಿ ತೋರಿಸಿದಳು. ಎಲ್ಲವನ್ನೂ ಹೇಳಿದಳು. ಮಣೆ ಯಾಕೆ, ಪ್ಲಗ್ಗು ಯಾಕೆ, ಒದ್ದೆ ಕೈಯಲ್ಲಿ ಅವತ್ತು ಮುಟ್ಟಿದ್ದರೆ ಏನಾಗುತ್ತಿತ್ತು.

ದೊಡ್ಡಮ್ಮ ಆ ಕಡಲೆಕಾಯಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. "ಅವರಿಗೆ ಗೊತ್ತಿತ್ತಾ?"

"ಹೊಡೆಯುತ್ತೆ ಅಂತ ಗೊತ್ತಿಲ್ದೆ ಮಣೆ ಹಾಕ್ಕೊಳ್ತಿದ್ರಾ ಅಮ್ಮಾ?"

"ಹೇಳಿದ್ರೆ ಅವತ್ತೇ ಇದನ್ನ ಗುಜರಿಗೆ ಹಾಕಿಸ್ತಿದ್ದೆ. ಅದಕ್ಕೇ ಬಾಯಿ ಬಿಟ್ಟಿಲ್ಲ." ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. "ನಲವತ್ತು ವರ್ಷ ನಾನು ಅಡುಗೆಮನೇಲಿ ಕೂತು ಕೇಳ್ದೆ. ಒಂದು ಮಾತು ಹೇಳಕ್ಕೇನಾಗಿತ್ತೋ ಗೌರೀಶ, ನಮ್ಮೆಜಮಾನ್ರಿಗೆ!"

ನಾನು ಮಣೆಯನ್ನು ಪಕ್ಕಕ್ಕೆ ಸರಿಸಿದೆ. ಪಾದಗಳನ್ನು ಕೆಂಪು ಗಾರೆಯ ನೆಲಕ್ಕೆ ಊರಿ, ತಂತಿ ಮೀಟಿದೆ. ಬೆರಳು ಜುಮ್ಮೆನ್ನಲಿಲ್ಲ. ದನಿ ದೊಡ್ಡಪ್ಪನದೇ, ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ದೊಡ್ಡಮ್ಮ ಹತ್ತಿರ ಬಂದು ಆಂಪ್ಲಿಫೈಯರಿನ ಮೇಲೆ ಮೊದಲ ಸಲ ಕೈಯಿಟ್ಟರು. "ಬೆಚ್ಚಗಿದೆ," ಅಂದರು.

ಅವರ ಮಾತು ನನ್ನನ್ನು ಬಿಡಲಿಲ್ಲ. ಒಂದು ಮಾತು ಹೇಳಕ್ಕೇನಾಗಿತ್ತು? ನುಡಿಸುವುದನ್ನು ನಿಲ್ಲಿಸಿದೆ.

"ಮಾಧವಿ, ಇದರ ಕೆಲಸ ಮೊದಲ ದಿನಾನೇ ಮುಗಿದಿತ್ತು. ಆಮೇಲೆ ಮೂರು ದಿನ ನಾನು ಬಂದಿದ್ದು ನಿಮ್ಮನ್ನ ನೋಡಕ್ಕೆ. ನಂಗೆ ನೀವು ತುಂಬಾ ಇಷ್ಟ."

ಅವಳ ಕಿವಿ ಕೆಂಪಾಯಿತು. "ಕೆಲಸ ಮುಗಿದಿದ್ದು ನಂಗೂ ಗೊತ್ತಿತ್ತು ರೀ. ಆದ್ರೂ ದಿನಾ 'ನಾಳೆ ಬನ್ನಿ' ಅಂದಿದ್ದು ಯಾರು?"

ಎಡಗೈ ಎಂದಿನಂತೆ ಬೆನ್ನ ಹಿಂದಿತ್ತು. ಅದನ್ನು ಮುಂದೆ ತಂದು, ಗಿಟಾರಿನ ಮೇಲಿದ್ದ ನನ್ನ ಕೈಯ ಮೇಲೆ ಇಟ್ಟಳು.

ದೊಡ್ಡಮ್ಮ ಆಂಪ್ಲಿಫೈಯರಿನಿಂದ ಕೈ ತೆಗೆಯದೆಯೇ, ಕಾಲಿನಿಂದ ಮಣೆಯನ್ನು ಅವಳತ್ತ ಸರಿಸಿದರು.

"ಕೂತ್ಕೋಮ್ಮ. ನೀನು ನುಡಿಸೋ, ಯಾಕೆ ನಿಲ್ಲಿಸ್ದೆ?"