ಮರಳಿನೊಳಗಿನ ಎಣ್ಣೆ

“ಎಣ್ಣೆ ಕಂಪನೀಲಿ ಕೆಲಸ ಮಾಡೋ ಹುಡ್ಗಿ ನಮ್ಮನೆಗೆ ಬ್ಯಾಡ ಕಣಪ್ಪ.”

ಚೆಲುವಮ್ಮ ಮಗನ ಕಿವಿಯಲ್ಲೇ ಹೇಳಿದ್ದು. ಆದರೆ ಹೆತ್ತೂರಿನವರ ಪಿಸುಮಾತು ಪಕ್ಕದ ಎಸ್ಟೇಟಿಗೂ ಕೇಳಿಸುತ್ತದೆ. ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ರಶ್ಮಿತಾಳಿಗೆ ಕೇಳಿಸದೆ ಇರುತ್ತದೆಯೇ?

ಧರ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಎಣ್ಣೆ ಅಂದರೆ ಅವ್ವ ಬ್ರಾಂದಿ ಅಂದುಕೊಂಡುಬಿಟ್ಟಿದ್ದಳು! ರಶ್ಮಿತಾಳಿಗೆ ಮಾತ್ರ ನಗು ಬರಲಿಲ್ಲ. ಧರ್ಮನ ಅಪ್ಪನನ್ನು ಕುಡಿತವೇ ನುಂಗಿದ್ದು ಅವಳಿಗೆ ಗೊತ್ತಿತ್ತು. ಆ ತಾಯಿ ಹೆದರಿದ್ದರಲ್ಲಿ ತಪ್ಪಿಲ್ಲ. ತಪ್ಪೆಲ್ಲ ಈ ಮಹಾನುಭಾವನದೇ. ಹಾಸನದ ಕಾಲೇಜಿನ ದಿನದಿಂದ ಪ್ರೀತಿಸಿದ ಹುಡುಗಿ ಏನು ಕೆಲಸ ಮಾಡುತ್ತಾಳೆಂದು ಮನೆಯಲ್ಲಿ ನೆಟ್ಟಗೆ ಹೇಳಬಾರದೇ?

ಲೋಟ ಕೆಳಗಿಟ್ಟು, ಬ್ಯಾಗು ಹೆಗಲಿಗೇರಿಸಿ ಅವಳು ಕಾಫಿ ಒಣಗಿಸುವ ಕಣದತ್ತ ನಡೆದಳು. ಧರ್ಮ ಅವಳ ಲೋಟ ಹಿಡಿದು ಹಿಂದೆಯೇ ಓಡಿದ.

“ಮುನಿಸ್ಕೊಂಡ್ಯಾ?”

“ನನ್ನ ಕೆಲಸ ಹೇಳ್ಕೊಳಕ್ಕೆ ನಿಂಗೆ ನಾಚ್ಕೆನಾ? ಇವತ್ತೇ ಹೇಳ್ಬುಡು. ಹೌದು ಅಂದ್ರೆ ಈ ಮನೆ ಹೊಸ್ತಿಲು ನಾನು ತುಳಿಯಲ್ಲ.”

ಅವನ ನಗು ಆರಿಹೋಯಿತು. “ನಾಚ್ಕೆ ಅಲ್ಲ ಮಾರಾಯ್ತಿ. ನೀನು ಹೇಳಿದ್ದು ನಂಗೇ ತಲೆಗೆ ಹತ್ತಿರ್ಲಿಲ್ಲ. ತಿರುಗಿ ಕೇಳಿದ್ರೆ ದಡ್ಡ ಅಂತೀಯ ಅಂತ ಸುಮ್ನೆ ಗೋಣಾಡಿಸ್ತಿದ್ದೆ.”

ಇಷ್ಟು ನಿಜ ಹೇಳಿದವನ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳುವುದು? ಅವಳು ಬ್ಯಾಗಿನಿಂದ ಅಂಗೈಯಗಲದ ಕೆಂಪು ಕಲ್ಲು ತೆಗೆದಳು.

“ಇದು ಯಾವ ಕಾಲದ್ದೋ ಮರಳುದಿಬ್ಬ. ರಾಗಿ ತೂರಿದಂಗೆ ಗಾಳಿ ತೂರಿ ತೂರಿ, ದೂಳೆಲ್ಲ ಹಾರಿಹೋಗಿ, ಒಂದೇ ಅಳತೆ ಮರಳು ಉಳ್ಕೊಂಡೈತೆ. ಅದಕ್ಕೇ ಹರಳುಗಳ ಮಧ್ಯೆ ಜಾಗ ಜಾಸ್ತಿ. ಇಂಥ ದಿಬ್ಬ ನೆಲದಾಳದಲ್ಲಿ ಹೂತು ಕಲ್ಲಾದ್ಮೇಲೆ, ಆ ಸಂದೀಲಿ ಎಣ್ಣೆ, ಗ್ಯಾಸು ಬಂದು ಸೇರ್ಕೊತಾವೆ. ಎಲ್ಲಿ ಸೇರೈತೆ ಅಂತ ಹುಡುಕೋದೇ ನನ್ನ ಕೆಲಸ.”

ಧರ್ಮ ಲೋಟಕ್ಕೆ ಬೆರಳದ್ದಿ ಕಲ್ಲಿನ ಮೇಲೊಂದು ಹನಿ ಬಿಟ್ಟ. ನೋಡುತ್ತಿದ್ದಂತೆಯೇ ಕಲ್ಲು ಅದನ್ನು ಕುಡಿದುಬಿಟ್ಟಿತು. ಕಣದ ಅಂಚಿನ ಚಪ್ಪಡಿಯ ಮೇಲೂ ಬಿಟ್ಟು ನೋಡಿದ. ಹನಿ ಜಾರಿ ಕೆಳಗೆ ಬಿತ್ತು.

“ನಮ್ಮೂರ ಕಲ್ಲು ಕುಡಿಯಲ್ಲ!”

“ನಿನ್ನಂಗೇ. ಎಷ್ಟು ಹೇಳಿದ್ರೂ ಒಳಕ್ಕಿಳಿಯಲ್ಲ,” ಎಂದು ಅವಳು ಓರೆಗಣ್ಣಿನಲ್ಲಿ ನೋಡಿದಳು. ತುಟಿಯಂಚಿನ ನಗು ಕಂಡು ಧರ್ಮನಿಗೆ ಹೋದ ಜೀವ ಬಂದಂತಾಯಿತು. ಅವಳ ಕೈ ಹಿಡಿದು ಸೀದಾ ಜಗಲಿಗೆ ಕರೆತಂದ.

“ಅವ್ವಾ, ಕುಡಿಯೋ ಎಣ್ಣೆ ಅಲ್ಲ, ಲಾರಿ ಬಸ್ಸು ಓಡ್ಸೋ ಎಣ್ಣೆ. ಮರಳುಗಲ್ಲಲ್ಲಿ ಅದು ಎಲ್ಲೈತೆ ಅಂತ ಕಂಡುಹಿಡಿಯೋಳು ಇವಳು!”

“ಮರಳು ಹಿಂಡಿದ್ರೆ ಎಣ್ಣೆ ಬತ್ತದೇನೋ? ಗಾದೆ ಕೇಳಿಲ್ವಾ?”

“ಗಾದೆ ಕಟ್ಟಿದೋರು ಇವಳನ್ನ ನೋಡಿರ್ಲಿಲ್ಲ ಕಣವ್ವ.” ಧರ್ಮನ ಎದೆ ಉಬ್ಬಿತ್ತು. “ಇವಳು ಕೆಲಸ ಬಿಡಲ್ಲ, ನಾನೂ ಬಿಡು ಅನ್ನಲ್ಲ. ರಜಾ ಸಿಕ್ಕಿದಾಗ ಬರ್ಲಿ, ಸಿಗದಿದ್ರೆ ಇವಳು ಕೆಲಸ ಮಾಡೋ ಮರಳುಗಾಡಿಗೆ ನಾನೇ ಹೋಯ್ತೀನಿ. ಮದ್ವೆ ಅಂತ ಆದ್ರೆ ಇವಳನ್ನೇ.”

ರಶ್ಮಿತಾಳ ಕಣ್ಣು ತುಂಬಿತು. ಇಷ್ಟು ವರ್ಷ ಅವಳು ಕಾದಿದ್ದೇ ಈ ಮಾತಿಗೆ.

ಚೆಲುವಮ್ಮ ಹತ್ತಿರ ಬಂದು ಅವಳ ಗಲ್ಲ ಹಿಡಿದಳು. “ಕುಡಿಯೋದಲ್ಲ ತಾನೆ?”

“ಅಲ್ಲಮ್ಮ, ಆಣೆಗೂ ಅಲ್ಲ.”

ರಸ್ತೆಯಲ್ಲಿ ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಕ್ಕಪ್ಪ ಹೋಗುತ್ತಿದ್ದ. ಚೆಲುವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು: “ಲಕ್ಕಪ್ಪಾ, ಬಾರೋ ಇಲ್ಲಿ! ಮರಳಲ್ಲಿ ಎಣ್ಣೆ ತೆಗೆಯೋ ಸೊಸೆ ಬಂದವ್ಳೆ, ನೋಡ್ಕೊಂಡ್ ಹೋಗು!”

‘ಸೊಸೆ’ ಎಂಬ ಮಾತು ಕಿವಿಗೆ ಬಿದ್ದು ರಶ್ಮಿತಾ ಧರ್ಮನ ಕಡೆ ತಿರುಗಿದಳು. ಅವನು ಹಸೆಮಣೆಯ ಹೆಣ್ಣಿನ ಹಾಗೆ ತಲೆ ತಗ್ಗಿಸಿ ನಿಂತಿದ್ದ.