ಪಿಯಾನೋಗೆ ಬಿಟ್ಟ ಜಾಗ

"ಆ ಟ್ರೊಂಬೋನ್ ಹಿಡ್ಕೊಂಡು ಒಳಗೆ ಬರಬೇಡ ಮಧು!"

ಕೊಬ್ಬರಿ ಮಂಡಿಯ ಹಿಂದಿನ ಕೋಣೆಯ ಬಾಗಿಲಲ್ಲೇ ಮಧುಕುಮಾರ್ ಆ ಹಿತ್ತಾಳೆಯ ಊದುವ ವಾದ್ಯ ಹಿಡಿದು ನಿಂತುಬಿಟ್ಟ. ಒಳಗೆ ಸಿರಿ ಪಿಯಾನೋಗೆ ಗೋಣಿತಾಟು ಹೊದಿಸುತ್ತಿದ್ದಳು. ನಾಳೆ ಬೆಳಿಗ್ಗೆ ಕೊಂಡವರು ಬಂದು ಒಯ್ಯುವವರಿದ್ದರು.

"ಮಾರ್‍ಬುಟ್ಯಾ?"

"ಇನ್ನೇನು, ಇಟ್ಕೊಂಡು ಪೂಜೆ ಮಾಡ್ಲಾ? ನೋಡಿದ್ರೆ ಹೊಟ್ಟೆ ಉರಿಯತ್ತೆ."

ಸಿರಿಯ ತಂದೆ ಇಂದುಧರ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ರೈಲ್ವೆ ಕಾಲೋನಿ ಬಿಟ್ಟುಹೋದ ಕುಟುಂಬವೊಂದರಿಂದ, ಮಗಳ ಹಠಕ್ಕೆ ಮಣಿದು ಈ ಪಿಯಾನೋ ತಂದಿದ್ದರು. ಅದರ ಮುಂದೆ ಕೂತೇ ಸಿರಿ ಟ್ರೊಂಬೋನಿಗೂ ಪಿಯಾನೋಗೂ ಸೊನಾಟ ಎಂಬ ಹಲವು ಭಾಗಗಳ ಒಂದು ಕೃತಿ ಬರೆದಿದ್ದಳು. ಟ್ರೊಂಬೋನ್ ನುಡಿಸಬೇಕಾದವನು ಹಳೇಬೀಡಿನ ಬ್ಯಾಂಡ್‌ಸೆಟ್ಟಿನ ಮಧು. ಮದುವೆಗೂ ಸಾವಿಗೂ ಊದುವ ಅವನಿಗೆ ಸ್ವರಲಿಪಿ ಓದಲು ಕಲಿಸಿದ್ದೂ ಅವಳೇ. ಕಲಿಸುತ್ತ ಕಲಿಸುತ್ತ ಮನಸ್ಸು ಕೊಟ್ಟಿದ್ದಳು... ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೋದ ತಿಂಗಳು ಅಪ್ಪ ತೀರಿಕೊಂಡರು. ಅವರ ದೇಹವನ್ನು ಕೂರಿಸಿ ಹೊತ್ತ ಹೂವಿನ ವಿಮಾನದ ಮುಂದೆ ಮಧುವಿನ ಬ್ಯಾಂಡು ಸಾಗಿತ್ತು. ಉಳಿದವರು ಸುಮ್ಮನಾದ ಮೇಲೆ ಮಧು ಒಬ್ಬನೇ ಊದತೊಡಗಿದ. ಒಂದಿಷ್ಟು ಊದುವುದು, ನಿಲ್ಲಿಸುವುದು. ಮತ್ತೆ ಊದುವುದು, ಮತ್ತೆ ನಿಲ್ಲಿಸುವುದು!

"ಕುಡ್ದವ್ನೇನ್ಲಾ ಇವ್ನು?" ಎಂದು ಯಾರೋ ನಕ್ಕಿದ್ದರು. ಆ ನಗು ಇವತ್ತಿಗೂ ಸಿರಿಯ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

"ಅಪ್ಪನ ಕೊನೇ ದಾರಿ ಕಣೋ ಅದು. ಅಲ್ಲೂ ಸರಿಯಾಗಿ ಊದೋಕಾಗ್ಲಿಲ್ವಾ ನಿಂಗೆ?"

"ನಾನ್ ಕುಡ್ದಿರ್ಲಿಲ್ಲ ಸಿರಿ."

"ಮತ್ತೆ ಯಾಕೆ ನಿಲ್ಲಿಸಿ ನಿಲ್ಲಿಸಿ ಊದ್ದೆ?"

ಮಧು ಬಾಗಿಲ ಪಕ್ಕದ ಕುರ್ಚಿ ತೋರಿಸಿದ.

"ನಿಮ್ಮಪ್ಪಾರು ಈ ಬಾಗ್ಲಲ್ಲಿ ಕುಂತು ನಮ್ಮ ಸೊನಾಟದ ಎರಡನೇ ಭಾಗ ಕೇಳ್ತಿದ್ರಲ್ಲ... ಅದ್ನೇ ಊದ್ದೆ. ನಿಲ್ಸಿದ್ ಕಡೇಲೆಲ್ಲ ಪಿಯಾನೋ ಬರ್ತೈತಲ್ಲ. ಅದು ನಿನ್ ಪಾಲು ಕಣೇ. ನಾನೆಂಗೆ ಊದ್ಲಿ?"

ಗೋಣಿತಾಟು ಸಿರಿಯ ಕೈಯಿಂದ ಜಾರಿತು.

ಅಯ್ಯೋ... ತಾನೇ ಬರೆದ ಸ್ವರ, ತಾನೇ ಬಿಟ್ಟ ಜಾಗ! ಹೆತ್ತವಳಿಗೇ ಮಗುವಿನ ಗುರುತು ಸಿಗದೆ ಹೋಯಿತೇ? ಅವತ್ತು ಅಳು ಅವಳ ಕಿವಿಯನ್ನೂ ಮುಚ್ಚಿಬಿಟ್ಟಿತ್ತು.

"ಅವತ್ತೇ ಹೇಳಬಾರದಿತ್ತಾ? ತಿಂಗಳಿಂದ ನಿನಗೆ ಶಾಪ ಹಾಕ್ತಾ ಇದೀನಿ..."

"ಹಾಕು ಬುಡು. ನಿನ್ ದುಃಖದ್ ಮುಂದೆ ನನ್ ಮಾನ ಏನ್ ದೊಡ್ದು?"

ಸಿರಿ ಪಿಯಾನೋದ ಮುಚ್ಚಳ ತೆಗೆದು ಕೂತಳು.

"ಒಳಗೆ ಬಾ. ಊದು."

ಮಧು ಊದಿದ, ನಿಲ್ಲಿಸಿದ. ಸಿರಿಯ ಬೆರಳು ಏಳಲಿಲ್ಲ. ಆ ದಿನ ಬೀದಿಯಲ್ಲಿ ಕವಿದ ಮೌನವೇ ಕೋಣೆಯೊಳಗೂ ಕವಿಯಿತು. ಅವನು ಅವಸರಿಸಲಿಲ್ಲ, ಎಣಿಸಿಕೊಂಡು ಮುಂದಿನ ಸಾಲು ಊದಿ ಮತ್ತೆ ನಿಲ್ಲಿಸಿದ. ಈ ಸಲ ಪಿಯಾನೋ ಮಾತಾಡಿತು.

ಮುಗಿದಾಗ ಇಬ್ಬರೂ ಬಾಗಿಲ ಕಡೆ ನೋಡಿದರು. ಅಪ್ಪನ ಕುರ್ಚಿ ಖಾಲಿ ಇತ್ತು. ಸಿರಿ ಬಿಕ್ಕಿ ಬಿಕ್ಕಿ ಅತ್ತಳು.

"ನಾಳೆ ಬರೋರಿಗೆ ಏನಂತೀಯಾ?" ಮಧು ಮೆಲ್ಲಗೆ ಕೇಳಿದ.

"ಕೊಡಲ್ಲ ಅಂತೀನಿ." ಕಣ್ಣೊರೆಸಿಕೊಂಡು ತಲೆ ಎತ್ತಿದಳು. "ನೀನಂದ್ರೆ ನಂಗಿಷ್ಟ ಕಣೋ. ಇಷ್ಟೆಲ್ಲ ಬೈದ ಮೇಲೂ... ನನ್ನ ಜಾಗ ಹಂಗೇ ಇಟ್ಟಿದೀಯಾ?"

"ಊರೆಲ್ಲ ನಗ್ತಿದ್ದಾಗ್ಲೇ ಬುಟ್ಕೊಡ್ಲಿಲ್ಲ. ಈಗ ಬುಟ್ಟೇನಾ?"