ಹೊಳೆ ದಾಟಿದ ನಾನೂರು

ಚೀಟಿ ಸಿಕ್ಕಿದ್ದು ಉಲೋಮಾಳ ಬುಟ್ಟಿಯಲ್ಲಿ, ಬಾಂಬು ಬಿದ್ದ ದಿನವೇ.

ಆ ಮಧ್ಯಾಹ್ನ ಹೊಳೆದಂಡೆಯಲ್ಲಿ ತಂಗಿದ್ದ ಬಿಯಾಫ್ರಾದ ಪಡೆಯ ಮೇಲೆ ನೈಜೀರಿಯಾದ ವಿಮಾನ ಎರಗಿತ್ತು. ಪಡೆಯಲ್ಲಿದ್ದವರು ನಾನೂರು ಮಂದಿ, ಸತ್ತವರು ಮೂವತ್ತೊಂದು. ಸಂಜೆಯಾಗುವುದರೊಳಗೆ ಊರಿಗೆ ಊರೇ ಒಂದೇ ಪ್ರಶ್ನೆ ಕೇಳುತ್ತಿತ್ತು— ಸುಳಿವು ಕೊಟ್ಟ ಸಾಬೋ ಯಾರು?

ಸಾಬೋ ಎಂದರೆ ಒಳಗಿದ್ದು ಬುಡ ಕೊಯ್ಯುವ ದ್ರೋಹಿ. ನೈಜೀರಿಯಾದಿಂದ ಸಿಡಿದು ಬಿಯಾಫ್ರಾ ಎಂಬ ಬೇರೆ ನಾಡು ಕಟ್ಟಿಕೊಂಡ ಒಂದೂವರೆ ವರ್ಷದಲ್ಲಿ ಮೀನು, ಔಷಧಿ, ಉಪ್ಪು ಎಲ್ಲಕ್ಕೂ ಬರ ಬಂದಿತ್ತು. ಸಾಬೋಗಳಿಗೆ ಮಾತ್ರ ಬರವಿರಲಿಲ್ಲ. ಸೋತ ಕದನಕ್ಕೊಬ್ಬ ಸಾಬೋ, ಕೆಟ್ಟು ನಿಂತ ಲಾರಿಗೊಬ್ಬ ಸಾಬೋ.

ಚೀಟಿಯಲ್ಲಿ ಇಗ್ಬೋ ಭಾಷೆಯ ಒಂದೇ ಸಾಲಿತ್ತು. ಅದನ್ನು ವಿಚಾರಣೆಗೆಂದು ಇಂಗ್ಲಿಷಿಗೆ ತಿರುಗಿಸಿದವನು ಇನ್‌ಸ್ಪೆಕ್ಟರ್ ಒಕ್ವುಡಿಲಿ: 'ನ್ಕ್ವೋ ಸಂತೆಯ ದಿನ ನಾನೂರು ಹೊಳೆ ದಾಟುವುದು. ಬಾಯಿ ಬಿಡಬೇಡ.' ನ್ಕ್ವೋ ಬರುವುದು ನಾಲ್ಕು ದಿನಕ್ಕೊಮ್ಮೆ; ಬಾಂಬು ಬಿದ್ದದ್ದೂ ನ್ಕ್ವೋ ದಿನವೇ. ಇನ್ನೇನು ಬೇಕು?

ಪೋರ್ಟ್ ಹಾರ್ಕೋರ್ಟ್ ವೈರಿಗಳ ಕೈಗೆ ಹೋದ ಮೇಲೆ ಒಕ್ವುಡಿಲಿ ಹೆಂಡತಿ, ಮೂರು ಮಕ್ಕಳೊಂದಿಗೆ ಹೆಂಡತಿಯ ಅಣ್ಣ ಕಾಮಾಲುವಿನ ಮನೆ ಸೇರಿದ್ದ. ಕಾಮಾಲು ಊರ ಕಾವಲುಪಡೆಯ ಮುಖ್ಯಸ್ಥ. ತಪಾಸಣೆಯಲ್ಲಿ ಬುಟ್ಟಿ ಹಿಡಿದವನೂ ಅವನೇ, ಚೀಟಿ ತಂದುಕೊಟ್ಟವನೂ ಅವನೇ. ಅವನ ಮನೆಯ ಜಗಲಿಯಲ್ಲಿ ಕೂತೇ ಒಕ್ವುಡಿಲಿ ಅದನ್ನು ತರ್ಜುಮೆ ಮಾಡಿದ್ದ. ಮುಂದೆ ಗೆಣಸಿನ ಹಿಟ್ಟಿನ ಮುದ್ದೆ, ಕಹಿಸೊಪ್ಪಿನ ಸಾರು. ಎಷ್ಟೋ ದಿನದ ಮೇಲೆ ಮನಸಾರೆ ಉಂಡು, ಬಟ್ಟಲನ್ನು ಬೆರಳಿನಿಂದ ಒರೆಸಿ ನೆಕ್ಕಿ, ಆಮೇಲೆ ರುಜು ಹಾಕಿದ್ದ.

ವಿಚಾರಣೆ ಒಂದು ಗಂಟೆಯಲ್ಲಿ ಮುಗಿಯಿತು, ಅದೂ ಇಂಗ್ಲಿಷಿನಲ್ಲಿ. ಬೇರೆ ನಾಡಾದರೂ ಕೋರ್ಟಿನ ಭಾಷೆ ದೊರೆಗಳದ್ದೇ. ಮೂರನೆಯ ದಿನ ನಾಲ್ಕು ಗಂಟೆಗೆ ಗುಂಡು. ಅದಕ್ಕೆ ಮುಂಚೆ ಕಾಗದಗಳನ್ನು ಉಲೋಮಾಳಿಗೆ ಅವಳ ಭಾಷೆಯಲ್ಲಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ಇನ್‌ಸ್ಪೆಕ್ಟರನ ಪಾಲಿನ ಕೆಲಸ.

ಶಾಲೆಯ ಕೋಣೆಯೊಂದರಲ್ಲಿ ಅವಳನ್ನು ಕೂಡಿಹಾಕಿದ್ದರು.

"ಎಷ್ಟು ಸಲ ಹೇಳ್ಲಿ, ಅಪ್ಪಾ? ಗಂಡ ಇಲ್ಲ, ಎರಡು ಮಕ್ಕಳು. ಆ ಕಡೆ ದಾಟಿ ಉಪ್ಪು ತಂದೆ. ಅಷ್ಟೇ."

ವೈರಿಗಳ ಕಾವಲನ್ನೇ ನುಸುಳಿ ಸಂತೆ ಮಾಡಿ ಬರುವ ಗಟ್ಟಿಗಿತ್ತಿಯರಲ್ಲಿ ಅವಳೂ ಒಬ್ಬಳು.

"ಬುಟ್ಟೀಲಿ ಉಪ್ಪು ಇರ್ಲಿಲ್ಲ. ಸಿಕ್ಕಿದ ಸಾಮಾನಿನ ಪಟ್ಟೀಲಿ ಕೆಸುವಿನ ಗೆಡ್ಡೆ ಅಂತ ಮಾತ್ರ ಇದೆ."

"ಪಟ್ಟಿ ಬರೆದೋರ ಕೈ ಉದ್ದ ಇದ್ರೆ ನಾನೇನು ಮಾಡ್ಲಿ?"

"ಸರಿ, ಚೀಟಿ ಕೇಳು." ಒಕ್ವುಡಿಲಿ ಇಗ್ಬೋದಲ್ಲೇ ಓದಿದ. "ನ್ಕ್ವೋ ದಿನ ನ್ನು ಹೊಳೆ ದಾಟುವುದು—"

"ಏನಂದ್ರಿ?"

"ನ್ನು," ಎಂದು ದನಿ ಇಳಿಸಿ ಮತ್ತೆ ಹೇಳಿದ ಅವನು.

ಉಲೋಮಾ ಅವನನ್ನೇ ದಿಟ್ಟಿಸಿದಳು. ಆಮೇಲೆ ನಕ್ಕಳು.

"ಅಯ್ಯೋ ನನ್ನಪ್ಪ! ನಾನೂರು ಅಂತ ಓದ್ತೀರಲ್ಲ? ಆ ಕಡೆಯಿಂದ ಚೀಟಿ ತಂದವಳು ನನಗೆ ಓದಿ ಹೇಳಿದ್ದು ನ್ನು ಅಂತ. ಉಪ್ಪು! ದನಿ ಮೇಲೆ ಎತ್ತಿ ಹೇಳಿ ನೋಡಿ. ಹಾಲು ಕುಡಿಯೋ ಕೂಸಿಗೂ ಗೊತ್ತಾಗತ್ತೆ."

ಒಕ್ವುಡಿಲಿ ಮೆಲ್ಲಗೆ ಹೇಳಿ ನೋಡಿದ. ದನಿ ಎತ್ತಿದರೆ ಉಪ್ಪು, ಇಳಿಸಿದರೆ ನಾನೂರು. ಬಾಯಲ್ಲಿ ಎಂದೂ ತಪ್ಪುವ ಮಾತಲ್ಲ. ಕಾಗದದ ಮೇಲೆ ಮಾತ್ರ ಎರಡಕ್ಕೂ ಅವೇ ಅಕ್ಷರ.

"ಈ ಚೀಟೀನ ನಿನಗೆ ಯಾರೂ ಓದಿ ಹೇಳ್ಲಿಲ್ವಾ?"

"ನೀವೇ ಮೊದಲು. ಅಲ್ಲಿ ಟಸ್ಸು ಪುಸ್ಸು ಅಂತ ಇಂಗ್ಲಿಷಲ್ಲಿ ಮಾತಾಡಿದ್ರು. ಸೈನಿಕರು ಎಷ್ಟು ಅಂತ ಕೇಳಿದ್ರು. ನಾನು ಉಪ್ಪು ಅಂದೆ. ಎಲ್ಲಿ ತೋರಿಸು ಅಂದ್ರು."

"ಉಪ್ಪು ಹೇಗಿತ್ತು?"

"ಸಿಗರೇಟಿನ ಡಬ್ಬೀಲಿ ಎಂಟು ಅಳತೆ. ಕೆಸುವಿನ ಅಡೀಲಿ, ಬಟ್ಟೆ ಗಂಟಲ್ಲಿ."

ಒಕ್ವುಡಿಲಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟ. ಎದ್ದವನು ನೇರ, ಜಿಲ್ಲೆಗೆಲ್ಲ ಪರಿಹಾರದ ಸಾಮಾನು ಹಂಚುವ ಮಿಷನ್ನಿನ ಉಗ್ರಾಣಕ್ಕೆ ಹೋದ. ಅಲ್ಲಿದ್ದ ಸನ್ಯಾಸಿನಿಯನ್ನು ಒಂದೇ ಪ್ರಶ್ನೆ ಕೇಳಿದ.

"ಈಚೆಗೆ ಯಾರಿಗಾದ್ರೂ ಉಪ್ಪು ಕೊಟ್ಟಿದ್ದೀರಾ, ಸಿಸ್ಟರ್?"

"ಇದ್ದರಲ್ವಾ ಕೊಡೋದು? ಮೂರು ತಿಂಗಳಾಯ್ತು."

ಮೂರು ಗಂಟೆ ಹೊಡೆಯಿತು. ಅವನು ಮಾವಿನ ಮರದ ಕೆಳಗೆ ನಿಂತ. ಸುಮ್ಮನಿದ್ದರೆ ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ಬಾಯಿ ಬಿಟ್ಟರೆ ಹೆಂಡತಿ ಮಕ್ಕಳು ಬೀದಿಪಾಲು. ಸುಮ್ಮನಿರಬೇಕೆಂದು ಆಸೆಯಾಯಿತು— ಅದು ಸುಳ್ಳಲ್ಲ. ಆ ಆಸೆಗೆ ತಾನೇ ಹೇಸಿ ಅವನು, ಹೊಳೆದಂಡೆಯ ಪಡೆಯನ್ನು ನಡೆಸುತ್ತಿದ್ದ ಮೇಜರ್ ಎನ್ವೆರೆಮ್‌ನ ಬಿಡಾರದತ್ತ ಓಡಿದ.

ಕಾಮಾಲುವೂ ಅಲ್ಲೇ ಇದ್ದ.

"ಹೆಬ್ಬೆಟ್ಟು ಆಯ್ತಾ?" ಎಂದ ಮೇಜರ್.

"ಇಲ್ಲ, ಸರ್. ಅವಳು ಸಾಬೋ ಅಲ್ಲ. ಚೀಟೀಲಿರೋದು ಉಪ್ಪು. ನಾನು ನಾನೂರು ಅಂತ ಬರೆದೆ."

ಮೇಜರ್ ಚೀಟಿ ಕಸಿದುಕೊಂಡು ಎರಡು ದನಿಯಲ್ಲೂ ಓದಿದ. ಮುಖ ಗಂಟಿಕ್ಕಿತು. "ಹಾಗಂತ ಅವಳ ಮಾತು ತಾನೇ? ಉಪ್ಪೆಲ್ಲಿ?"

"ಬುಟ್ಟಿ ಹಿಡಿದವರು ತಗೊಂಡ್ರು."

"ಭಾವಾ!" ಕಾಮಾಲು ನಗಲು ನೋಡಿದ. "ಬಿಸಿಲು ತಲೆಗೇರ್ತಾ? ನನ್ನ ಹತ್ರ ಉಪ್ಪು ಅನ್ನೋಕೆ ಸಾಕ್ಷಿ ಎಲ್ಲಿದೆ?"

"ಇಲ್ಲಿ." ಒಕ್ವುಡಿಲಿ ತನ್ನ ನಾಲಿಗೆ ಮುಟ್ಟಿ ತೋರಿಸಿದ. "ಆವತ್ತು ನಿಮ್ಮನೇಲಿ ಸಾರಿಗೆ ಉಪ್ಪಿತ್ತು, ಭಾವ. ಈ ಜಿಲ್ಲೇಲಿ ಮೂರು ತಿಂಗಳಿಂದ ಉಪ್ಪಿಲ್ಲ. ಮಕ್ಕಳು ಬಟ್ಟಲು ನೆಕ್ಕಿದ್ರು, ನಾನೂ ನೆಕ್ಕಿದೆ. ಇಪ್ಪತ್ತೆಂಟು ವರ್ಷ ಪೊಲೀಸು ನಾನು. ಉಪ್ಪು ಎಲ್ಲಿಂದ ಬಂತು ಅಂತ ಕೇಳ್ಲಿಲ್ಲ. ಕೇಳಿದ್ರೆ ಎರಡನೇ ಸಲ ಬಡಿಸಲ್ಲ ಅಂತ ಹೆದರಿದೆ."

ಮೇಜರ್ ಕಾವಲಿನವರನ್ನು ಕಳಿಸಿದ. ಅರ್ಧ ಗಂಟೆಯಲ್ಲಿ ಕಾಮಾಲುವಿನ ಮನೆಯ ಗೆಣಸಿನ ರಾಶಿಯ ಹಿಂದಿನಿಂದ ಗಂಟು ಬಂತು. ಆರು ಡಬ್ಬಿಯಷ್ಟು ಉಳಿದಿತ್ತು.

"ಉಪ್ಪಿಗೆ ಆಸೆಪಟ್ಟೆ, ನಿಜ," ಎಂದ ಕಾಮಾಲು. "ಚೀಟೀನ ನೀವು ನಾನೂರು ಅಂದಾಗ... ಅವಳು ಹೋದ್ರೆ ಕೇಳೋರಿರಲ್ಲ ಅಂತ ಸುಮ್ಮನಾದೆ. ನಿಮ್ಮ ಮಕ್ಕಳ ಹೊಟ್ಟೇಗೂ ಹೋಯ್ತಲ್ಲ, ಭಾವ?"

"ಹೋಯ್ತು," ಎಂದ ಒಕ್ವುಡಿಲಿ.

ಮೇಜರ್ ಮೇಜು ಗುದ್ದಿದ. "ಇವನೇ ಸಾಬೋ ಅಂತ ಬರಿ. ನಾಲ್ಕು ಗಂಟೆಗೆ ಇವನನ್ನೇ ನಿಲ್ಲಿಸ್ತೀನಿ."

"ಕಳ್ಳ, ಸರ್. ಸಾಬೋ ಅಲ್ಲ."

"ಹೊರಗೆ ಮೂವತ್ತೊಂದು ತಾಯಂದಿರು ಕೂತಿದ್ದಾರೆ, ಇನ್‌ಸ್ಪೆಕ್ಟರ್! ಅವರಿಗೆ ಏನು ಹೇಳ್ಲಿ? ವಿಮಾನಕ್ಕೆ ದಾರಿ ತೋರಿಸಿದ್ದು ಯಾರು?"

"ಹಾಡುಹಗಲಲ್ಲಿ ಹೊಳೆದಂಡೇಲಿ ಪಡೆಯೋರು ಒಲೆ ಹಚ್ಚಿದ್ರು, ಸರ್. ಹೊಗೆ ಭಾವನ ಜಗಲಿಗೇ ಕಾಣ್ತಿತ್ತು. ಅಪ್ಪಣೆ ಯಾರದ್ದು ಅಂತ ನಿಮಗೇ ಗೊತ್ತು."

ಮೇಜರ್ ಕುರ್ಚಿಗೆ ಕುಸಿದ. "ಅವಳನ್ನ ಬಿಟ್ಟುಬಿಡಿ. ಇವನನ್ನ ಒಳಗೆ ಹಾಕಿ," ಎಂದ. ಒಕ್ವುಡಿಲಿಯ ಮುಖ ನೋಡದೆ ಸೇರಿಸಿದ: "ನಿನಗೆ ಏನು ಶಿಕ್ಷೆ ಅಂತ ನನಗೆ ಗೊತ್ತಿಲ್ಲ."

ಶಾಲೆಯ ಬಾಗಿಲನ್ನು ಒಕ್ವುಡಿಲಿಯೇ ತೆಗೆದ. ಗಂಟನ್ನು ಉಲೋಮಾಳ ಕೈಗಿಟ್ಟ. ಅವಳು ಬಿಚ್ಚಿ, ನೋಡಿ, ಕಡಿಮೆಯಾಗಿದೆ ಎಂದು ಕೂಡ ಅನ್ನದೆ ಮತ್ತೆ ಕಟ್ಟಿದಳು.

"ತಪ್ಪಾಯ್ತು, ತಂಗಿ," ಎಂದ ಅವನು. "ನಿನ್ನ ಜೀವಾನೇ ತೆಗೀತಿದ್ದೆ. ದೊಡ್ಡ ತಪ್ಪಾಯ್ತು."

ಉಲೋಮಾ ಬುಟ್ಟಿಯನ್ನು ತಲೆಗೇರಿಸಿ ಹೊಸ್ತಿಲಲ್ಲಿ ನಿಂತಳು.

"ಅದನ್ನ ಇಂಗ್ಲಿಷಲ್ಲಿ ಬರೆದು ಕೊಡಿ," ಎಂದಳು. "ಮುಂದಿನ ನ್ಕ್ವೋಗೆ ಮತ್ತೆ ದಾಟಬೇಕು. ನಿಮ್ಮೋರು ನನ್ನ ಬಾಯಿಮಾತು ನಂಬಲ್ಲ."